ಸೀಟಕ್ಕ ಸೂಜಿ ಚುಚ್ಚಿಸಿಕೊಂಡದ್ದು

ನಮ್ಮ ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಸೀಟಕ್ಕ ಅಂತಲೇ ಕರೆಯುತ್ತಿದ್ದರು. ಡಿಪೋದ ಹಿಂಭಾಗದಲ್ಲಿ, ಹಳೇ ಟೈರು ಗುಡ್ಡೆ ಹಾಕುವ ಶೆಡ್ಡಿನ ಪಕ್ಕದ ಉದ್ದನೆಯ ಕೋಣೆ ಅವಳದು. ಹರಿದ ಸೀಟು, ಕುಸಿದ ಸೀಟು, ಯಾರೋ ಪ್ರೇಮಿ ಬ್ಲೇಡಿನಿಂದ ಹೃದಯ ಕೆತ್ತಿದ ಸೀಟು, ಎಲ್ಲವೂ ಬೋಲ್ಟು ಬಿಚ್ಚಿಸಿಕೊಂಡು ಅಲ್ಲಿಗೇ ಬರುತ್ತಿದ್ದವು. ಅವಳು ಹಳೆಯ ರೆಕ್ಸಿನ್ ಕಿತ್ತು, ಸ್ಪಂಜು ಬದಲಿಸಿ, ಹೊಸದನ್ನು ಬಿಗಿಯಾಗಿ ಎಳೆದು, ಅರ್ಧಚಂದ್ರನ ಹಾಗೆ ಬಾಗಿದ ದಪ್ಪ ಸೂಜಿಯಿಂದ ಮೂಲೆಗಳಿಗೆ ಕೈಹೊಲಿಗೆ ಹಾಕುತ್ತಿದ್ದಳು. "ಮಂತ್ರಿಗಳ ಸೀಟು ಅಲ್ಲಾಡಬಹುದು, ನಾನು ಹೊಲಿದ ಸೀಟು ಅಲ್ಲಾಡಲ್ಲ" ಅನ್ನುವುದು ಅವಳ ಜಂಬದ ಮಾತು. ಅದು ಸುಳ್ಳೂ ಅಲ್ಲ.

ನಾನು ಅದೇ ಡಿಪೋದ ಸ್ಟೋರಿನಲ್ಲಿದ್ದೆ. ದಾರ, ರೆಕ್ಸಿನ್, ಮೊಳೆ ಕೊಡುವ ಕಿಟಕಿ ನನ್ನದು. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಅವಳ ಕೋಣೆಗೆ ಹೋದರೆ ಆಗತಾನೇ ಮುಗಿಸಿದ ಸೀಟಿನ ಮೇಲೆ ಕೂರಿಸುತ್ತಿದ್ದಳು. "ಕೂತ್ಕೋ, ಪರೀಕ್ಷೆ ಆಗ್ಲಿ. ನಿನ್ನ ಭಾರ ತಡೆದರೆ ಊರಿನವರ ಭಾರ ತಡೆಯೋದೇನು ದೊಡ್ಡದಲ್ಲ." ಈ ಕತೆಯ ಬಹುಪಾಲು ಹಾಗೆ ಊಟದ ಹೊತ್ತಿನಲ್ಲಿ ಅವಳೇ ಹೇಳಿದ್ದು. ಉಳಿದದ್ದು ನಾನು ಕಂಡದ್ದು.

ಸೀಟಕ್ಕನಿಗೆ ಮದುವೆಯಾಗಿರಲಿಲ್ಲ. ತಂದೆ ತಾಯಿ ಹೋಗಿ ಬಹಳ ಕಾಲವಾಗಿತ್ತು. ಉಳಿದವಳು ಒಬ್ಬಳೇ ಅಕ್ಕ, ನಾಲ್ಕು ವರ್ಷ ದೊಡ್ಡವಳು. ಆ ಅಕ್ಕನಿಗೆ ಕಣ್ಣೂ ಕಾಣುತ್ತಿರಲಿಲ್ಲ, ಕಿವಿಯೂ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದ ಹಾಗಲ್ಲ. ಒಂಬತ್ತು ವರ್ಷದವರೆಗೆ ಅವಳು ಎಲ್ಲ ಮಕ್ಕಳಂತೆ, ಅಲ್ಲ, ಎಲ್ಲ ಮಕ್ಕಳಿಗಿಂತ ಒಂದು ಕೈ ಹೆಚ್ಚಾಗಿ ಕುಣಿದಾಡಿಕೊಂಡಿದ್ದ ಹುಡುಗಿ. ಆಮೇಲೆ ಒಂದು ಜ್ವರ ಬಂದು, ಹೋಗುವಾಗ ಎರಡನ್ನೂ ಹೊತ್ತುಕೊಂಡು ಹೋಯಿತು. ಮಾತು ಮಾತ್ರ ಉಳಿಯಿತು. ತನ್ನ ದನಿ ತನಗೇ ಕೇಳಿಸದ್ದರಿಂದ ಆ ಮಾತಿಗೆ ಏರಿಳಿತವಿರಲಿಲ್ಲ. ಗುಟ್ಟಿನ ಮಾತನ್ನೂ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಆದರೆ ಅವಳಿಗೆ ಅಕ್ಷರ ಬರುತ್ತಿತ್ತು. ತಾಯಿ ಅವಳ ಅಂಗೈ ಮೇಲೆ ಬೆರಳಿನಿಂದ ಬರೆಯಲು ಶುರು ಮಾಡಿದರು. ಆಗ ಸೀಟಕ್ಕನಿಗೆ ಐದು ವರ್ಷ. ಅವಳು ಅಕ್ಷರ ತಿದ್ದಿದ್ದು ಸ್ಲೇಟಿನ ಮೇಲಲ್ಲ, ಅಕ್ಕನ ಅಂಗೈ ಮೇಲೆ. ತಪ್ಪು ಬರೆದರೆ ಅಕ್ಕ ಕೈ ಮುಚ್ಚಿಕೊಂಡು ಬೆರಳಿಗೆ ಒಂದು ಏಟು ಕೊಡುತ್ತಿದ್ದಳಂತೆ.

ಮುಂದೆ ಆ ಅಂಗೈ ಬರಹ ಎಷ್ಟು ಪಳಗಿತೆಂದರೆ, ಅರ್ಧ ಪದ ಬರೆಯುವಷ್ಟರಲ್ಲಿ ಅಕ್ಕ ಪೂರ್ತಿ ಹೇಳಿ ಮುಗಿಸುತ್ತಿದ್ದಳು. ಸೀಟಕ್ಕ ಬೆರಳು ಎತ್ತುವುದರೊಳಗೆ ಉತ್ತರ ಬಂದಿರುತ್ತಿತ್ತು. ನಾನು ಒಮ್ಮೆ ಅವರಿಬ್ಬರ ಜಗಳ ನೋಡಿದ್ದೇನೆ. ಒಬ್ಬಳು ಬಾಯಲ್ಲಿ ಬೈಯುತ್ತಿದ್ದಳು, ಇನ್ನೊಬ್ಬಳು ಅಂಗೈ ಮೇಲೆ ಗೀಚಿ ಗೀಚಿ ಬೈಯುತ್ತಿದ್ದಳು. ಕೊನೆಗೆ ಅಕ್ಕ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, "ಹೋಗೇ, ನಿನ್ನ ಮಾತು ನಾನು ಕೇಳಲ್ಲ" ಅಂದಳು. ಅಲ್ಲಿಗೆ ಸೀಟಕ್ಕ ಸೋತ ಹಾಗೆ.

ಇಬ್ಬರೂ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದರು. ಅಕ್ಕ ಎರಡು ಸಲ ಮೆಟ್ಟಿಲಿನ ಮೇಲೆ ಬಿದ್ದು, ಎರಡನೇ ಸಲ ಸೊಂಟದ ಮೂಳೆ ಮುರಿದ ಮೇಲೆ, ಹಗಲೆಲ್ಲ ಒಬ್ಬಳನ್ನೇ ಬಿಟ್ಟು ಡಿಪೋಗೆ ಬರುವುದು ಸೀಟಕ್ಕನಿಂದ ಆಗದಾಯಿತು. ಊರಿನ ಇನ್ನೊಂದು ತುದಿಯಲ್ಲಿ ವಯಸ್ಸಾದವರನ್ನೂ ಅಂಗವಿಕಲರನ್ನೂ ನೋಡಿಕೊಳ್ಳುವ ಒಂದು ಆಶ್ರಯಮನೆ ಇತ್ತು. ಅಕ್ಕ ಅಲ್ಲಿಗೆ ಹೋದಳು. ಪ್ರತಿ ಭಾನುವಾರ ಸೀಟಕ್ಕ ಎರಡು ಬಸ್ಸು ಬದಲಿಸಿಕೊಂಡು ಹೋಗಿ, ಬೆಳಗಿನಿಂದ ಸಂಜೆಯವರೆಗೆ ಅಕ್ಕನ ಮಂಚದ ಅಂಚಿನಲ್ಲಿ ಕೂತು, ವಾರದ ಸುದ್ದಿಯನ್ನೆಲ್ಲ ಆ ಅಂಗೈಗೆ ಸುರಿದು ಬರುತ್ತಿದ್ದಳು. ಡಿಪೋದಲ್ಲಿ ಯಾರಿಗೆ ಬಡ್ತಿ, ಯಾರಿಗೆ ಬೈಗುಳ, ಕೆಳಮನೆಯ ದರ್ಜಿ ಹೆಂಡತಿಯ ಜೊತೆ ಯಾಕೆ ಮಾತು ಬಿಟ್ಟ, ಎಲ್ಲ. ಅಕ್ಕನಿಗೆ ನಮ್ಮ ಡಿಪೋದ ರಾಜಕೀಯ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಆ ರೋಗ ಬಂತು.

ಮೊದಲು ಬಸ್ಸು ನಿಂತವು. ಸಾಲಾಗಿ ನಿಂತ ಬಸ್ಸುಗಳ ಗಾಜಿನ ಮೇಲೆ ಧೂಳು ಕೂತಿತು. ನಮ್ಮನ್ನು ಮಾತ್ರ ಸರದಿ ಮೇಲೆ ಕರೆಸುತ್ತಿದ್ದರು. ಬಟ್ಟೆಯ ಸೀಟುಗಳನ್ನೆಲ್ಲ ಕಿತ್ತು, ಒರೆಸಿದರೆ ಶುಚಿಯಾಗುವ ರೆಕ್ಸಿನ್ ಹಾಕಬೇಕು ಅಂತ ಮೇಲಿನವರ ಆಜ್ಞೆ. ಖಾಲಿ ಡಿಪೋದಲ್ಲಿ ಸೀಟಕ್ಕನ ಹೊಲಿಗೆ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ಆಶ್ರಯಮನೆಯ ಗೇಟಿಗೂ ಬೀಗ ಬಿತ್ತು. ಒಳಗಿರುವವರೆಲ್ಲ ವಯಸ್ಸಾದವರು, ಹೊರಗಿನಿಂದ ಒಂದು ನರಪಿಳ್ಳೆಯೂ ಬರಕೂಡದು.

"ಬೇರೆಯವರಿಗೆ ಫೋನಾದರೂ ಇದೆ," ಅಂದಳು ಸೀಟಕ್ಕ ಒಂದು ದಿನ. "ವಿಡಿಯೋದಲ್ಲಿ ಮುಖ ನೋಡ್ತಾರೆ, ಹಲೋ ಅಂತಾರೆ. ನಾನು ಏನು ಮಾಡ್ಲಿ ಹೇಳು? ನನ್ನ ಅಕ್ಕನಿಗೆ ನಾನು ಅಂದರೆ ಒಂದು ಬೆರಳು. ಆ ಬೆರಳನ್ನ ಯಾವ ತಂತಿಯಲ್ಲಿ ಕಳಿಸ್ಲಿ?"

ಆದರೂ ಫೋನಿನಲ್ಲೇ ಒಂದು ದಾರಿ ಹುಡುಕಿದರು. ಅಲ್ಲಿ ಒಬ್ಬ ಆಯಾ ಇದ್ದಳು. ಅಕ್ಕ ಎಲ್ಲರನ್ನೂ ಕೈಯಿಂದ ಗುರುತಿಸುತ್ತಿದ್ದರಿಂದ ಅವಳಿಗೆ 'ದಪ್ಪಗೈ' ಅಂತ ಹೆಸರಿಟ್ಟಿದ್ದಳು, ಮೇಲ್ವಿಚಾರಕಿಗೆ 'ತಣ್ಣಗೈ'. ಭಾನುವಾರ ಹತ್ತು ಗಂಟೆಗೆ ದಪ್ಪಗೈ ಫೋನನ್ನು ಅಕ್ಕನ ಬಾಯಿಯ ಮುಂದೆ ಹಿಡಿಯುತ್ತಿದ್ದಳು. ಅಕ್ಕ ಮಾತಾಡುತ್ತಿದ್ದಳು, ಸೀಟಕ್ಕ ಕೇಳಿಸಿಕೊಳ್ಳುತ್ತಿದ್ದಳು. ಉತ್ತರ ಕೊಡಬೇಕೆಂದರೆ ದಪ್ಪಗೈಗೆ ಹೇಳಬೇಕು, ಅವಳು ಅಕ್ಕನ ಭುಜ ತಟ್ಟಬೇಕು. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ.

"ಇದ್ದೀಯೇನೇ?" ಅಂತ ಅಕ್ಕ ಕೇಳುವಳು. "ಇದ್ದೀನಿ ಅನ್ನಮ್ಮಾ" ಅಂತ ಸೀಟಕ್ಕ. ಒಂದು ತಟ್ಟು.

"ಊಟ ಸರಿಯಾಗಿ ಮಾಡ್ತಿದ್ದೀಯಾ?" ಒಂದು ತಟ್ಟು.

"ಸುಳ್ಳು ಹೇಳಬೇಡ." ಇದಕ್ಕೆ ಏನು ತಟ್ಟುವುದು?

"ನೀನು ಹೇಗಿದ್ದೀಯಾ, ಅದನ್ನ ಹೇಳು" ಅಂತ ಅಕ್ಕ ಕೇಳಿಬಿಟ್ಟರೆ ಮುಗಿಯಿತು, ಹೌದು ಇಲ್ಲ ಎರಡೂ ಸಾಲದು. ದಪ್ಪಗೈಗೆ ಅಂಗೈ ಮೇಲೆ ಬರೆಯಲು ಅಷ್ಟಿಷ್ಟು ಬರುತ್ತಿತ್ತು, ಆದರೆ ಹನ್ನೆರಡು ಮಂದಿಗೆ ಒಬ್ಬಳೇ ಆಯಾ, ಪುರುಸೊತ್ತಿಲ್ಲ. ಮೇಲೆ ಕೈಗವಸು ಬೇರೆ. "ಗವಸು ಹಾಕ್ಕೊಂಡು ಬರೆದರೆ ಸೋಪಿನ ಮೇಲೆ ಹುಳ ಹರಿದ ಹಾಗಿರುತ್ತೆ ಕಣೇ, ಒಂದಕ್ಷರಾನೂ ಗೊತ್ತಾಗಲ್ಲ" ಅಂತ ಅಕ್ಕ ಫೋನಿನಲ್ಲಿ ದೂರುತ್ತಿದ್ದಳು. ಅದನ್ನು ಹೇಳುವಾಗ ಸೀಟಕ್ಕ ನಕ್ಕಳು. ನಗುತ್ತಲೇ ತನ್ನ ಬಲಗೈ ತೋರುಬೆರಳಿನಿಂದ ಎಡ ಅಂಗೈ ಮೇಲೆ ಏನೋ ಬರೆದುಕೊಳ್ಳುತ್ತಿದ್ದಳು. ಆಗೀಗ ಹಾಗೆ ಬರೆದುಕೊಳ್ಳುವುದು ಅವಳಿಗೆ ಅಭ್ಯಾಸವೇ ಆಗಿಹೋಗಿತ್ತು. ಬಸ್ಸು ಮತ್ತೆ ಓಡತೊಡಗಿದ ಮೇಲೆ ಅದರಲ್ಲಿ ಎದುರಿಗೆ ಕೂತವರು ತನ್ನನ್ನು ಅರೆಹುಚ್ಚಿ ಅಂದುಕೊಂಡಿರಬೇಕು ಅನ್ನುತ್ತಿದ್ದಳು.

ಒಮ್ಮೆ ಕಿಟಕಿಯ ಆಚೆಯಿಂದ ನೋಡಿ ಹೋಗಲು ಬಿಟ್ಟರು. ತೋಟದ ಕಡೆಯ ದೊಡ್ಡ ಗಾಜಿನ ಮುಂದೆ ಮಕ್ಕಳು ಮೊಮ್ಮಕ್ಕಳೆಲ್ಲ ನಿಂತು ಕೈ ಬೀಸುತ್ತಿದ್ದರಂತೆ. ಸೀಟಕ್ಕ ಬೀಸಿದರೆ ಯಾರು ನೋಡಬೇಕು? ದಪ್ಪಗೈ ಅಕ್ಕನ ಅಂಗೈ ಹಿಡಿದು ಗಾಜಿಗೆ ಒತ್ತಿದಳು. ಸೀಟಕ್ಕ ಈಚೆಯಿಂದ ಅದೇ ಜಾಗದಲ್ಲಿ ತನ್ನ ಅಂಗೈ ಇಟ್ಟಳು. ಮಧ್ಯೆ ಬೆರಳಿನ ದಪ್ಪದ ಗಾಜು. ಆಮೇಲೆ ಏನೋ ಹೊಳೆದು, ಬೆರಳಿನ ಗೆಣ್ಣಿನಿಂದ ಗಾಜನ್ನು ಮೆಲ್ಲಗೆ ಕುಟ್ಟಿದಳು. ಅದುರಿದ್ದು ಅಕ್ಕನಿಗೆ ಗೊತ್ತಾಯಿತು. ಅವಳ ಮುಖ ಅರಳಿತು, ತಾನೂ ಕುಟ್ಟಿದಳು. ಇವಳು ಕುಟ್ಟಿದಳು. ಹಾಗೆ ಇಬ್ಬರೂ ಬಾಗಿಲು ಬಡಿಯುವವರಂತೆ ಬಡಿಯುತ್ತ ನಿಂತರು. ಸ್ವಲ್ಪ ಹೊತ್ತಿನಲ್ಲಿ ಅಕ್ಕ ಕೈ ತೆಗೆದುಬಿಟ್ಟಳು.

ಮುಂದಿನ ಭಾನುವಾರ ಫೋನಿನಲ್ಲಿ ಹೇಳಿದಳು: "ಇನ್ನು ಕಿಟಕಿಗೆ ಬರಬೇಡ. ಹಸಿದವರಿಗೆ ಗಾಜಿನ ಆಚೆ ಊಟ ಇಟ್ಟು ತೋರಿಸಿದ ಹಾಗಾಗುತ್ತೆ. ಬಂದರೆ ಒಳಗೆ ಬಾ."

ಒಳಗೆ ಬರುವ ದಾರಿ ಮುಂದಿನ ವರ್ಷ ತೆರೆಯಿತು. ಲಸಿಕೆ ಬಂತು. ಎರಡು ಚುಚ್ಚುಮದ್ದು ಹಾಕಿಸಿಕೊಂಡು, ಎರಡು ವಾರ ಕಳೆದವರನ್ನು ಒಳಗೆ ಬಿಡುತ್ತೇವೆ ಅಂತ ಆಶ್ರಯಮನೆಯವರು ತಿಳಿಸಿದರು.

ಸುದ್ದಿ ಕೇಳಿ ನಾನು ಓಡಿಬಂದು ಹೇಳಿದೆ: "ಸೀಟಕ್ಕ, ಇನ್ನೇನು! ನಾಳೆಯೇ ಹೋಗಿ ಹಾಕಿಸ್ಕೋ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನೋಡೋಣ" ಅಂದಳು.

ಡಿಪೋದಲ್ಲಿ ಆಗ ತಲೆಗೊಂದು ಮಾತು. ಒಬ್ಬ ಹಾಕಿಸಿಕೊಂಡರೆ ಪ್ರಾಣ ಉಳಿಯುತ್ತೆ ಅಂದ. ಇನ್ನೊಬ್ಬ ಇಷ್ಟು ಬೇಗ ಕಂಡುಹಿಡಿದ ಔಷಧಿಯನ್ನ ಹೇಗೆ ನಂಬೋದು ಅಂದ. ಬಸ್ಸಿಗೆ ಬಣ್ಣ ಹೊಡೆಯುವವನಂತೂ ಸಿಕ್ಕವರಿಗೆಲ್ಲ ಫೋನಿನಲ್ಲಿ ಬಂದ ಗಾಳಿಸುದ್ದಿ ತೋರಿಸುತ್ತ ತಿರುಗುತ್ತಿದ್ದ. ಕೊನೆಗೆ ಅವನ ಹೆಂಡತಿಯೇ ಅವನನ್ನು ಎಳೆದುಕೊಂಡು ಹೋಗಿ ಹಾಕಿಸಿದಳು. ಬಂದವನೇ ಸೀಟಕ್ಕನ ಬಾಗಿಲಲ್ಲಿ ನಿಂತು, "ಏನಕ್ಕಾ, ಬೆಳಗಿಂದ ಸಂಜೆವರೆಗೂ ಸೂಜಿ ಹಿಡಿಯೋಳು ನೀನು, ಒಂದು ಸೂಜಿಗೆ ಹೆದರ್ತೀಯಾ?" ಅಂದ.

"ನಾನು ಚುಚ್ಚೋದು ರೆಕ್ಸಿನ್ನಿಗೆ. ಅದಕ್ಕೆ ಅಕ್ಕ ತಂಗಿ ಇಲ್ಲ" ಅಂದಳು ಸೀಟಕ್ಕ. ಅವನು ನಗುತ್ತ ಹೋದ. ಅವಳು ನಗಲಿಲ್ಲ.

ಅದೇ ವಾರ ತಣ್ಣಗೈ ಮೇಲ್ವಿಚಾರಕಿ ಫೋನು ಮಾಡಿದರು. ಆಶ್ರಯಮನೆಯಲ್ಲಿರುವ ಎಲ್ಲರಿಗೂ ಲಸಿಕೆ ಹಾಕುತ್ತಿದ್ದಾರೆ, ಅಕ್ಕನಿಗೆ ಹಾಕಲು ಮನೆಯವರ ಒಪ್ಪಿಗೆ ಬೇಕು. ಸೀಟಕ್ಕ, "ಚಿಕ್ಕವಳಿದ್ದಾಗ ಚುಚ್ಚಿದ ಸೂಜಿ ಅವಳಿಗೆ ಮಾಡಿದ್ದೇ ಸಾಕು, ಬೇಡ" ಅಂದುಬಿಟ್ಟಳು. ಫೋನು ಇಟ್ಟ ಮೇಲೆ, ಯಾವ ಸೂಜಿ ಅಂತ ನಾನು ಕೇಳಿದೆ. ಆಗ ಹೇಳಿದಳು.

ಅಕ್ಕನಿಗೆ ಆ ಜ್ವರ ಬಂದಾಗ ಮನೆಗೆ ಒಬ್ಬರು ಡಾಕ್ಟರ್ ಬಂದಿದ್ದರು. ಐದು ವರ್ಷದ ಇವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಒಂದು ಸ್ಟೀಲ್ ಡಬ್ಬಿಯಲ್ಲಿ ನೀರು ಕುದಿಸಿ, ಅದರಿಂದ ಇಕ್ಕಳದಲ್ಲಿ ಸೂಜಿ ಎತ್ತಿದರು. ಅಕ್ಕ ಕಿರುಚಿದಳು. ಬೆಳಗಾದಾಗ ಅಕ್ಕನ ಕಣ್ಣ ಮುಂದೆ ತಾಯಿ ಕೈ ಆಡಿಸುತ್ತಿದ್ದರು, ಅಕ್ಕನ ಕಣ್ಣು ಅಲುಗುತ್ತಿರಲಿಲ್ಲ. ಮುಂದೆ ಯಾರು ಕೇಳಿದರೂ ತಾಯಿಯ ಉತ್ತರ ಒಂದೇ: "ಆ ಸೂಜಿ ಚುಚ್ಚಿದ್ದೇ ಚುಚ್ಚಿದ್ದು, ನನ್ನ ಮಗಳು ಕತ್ತಲಾಗಿಹೋದಳು." ನೆಂಟರು ಅದನ್ನೇ ಹೇಳಿದರು, ಬೀದಿಯವರು ಅದನ್ನೇ ಹೇಳಿದರು. ಸೀಟಕ್ಕ ಹಲ್ಲು ಕೀಳಿಸಿಕೊಂಡಾಗಲೂ ಮರಗಟ್ಟಿಸುವ ಸೂಜಿ ಬೇಡ ಅಂದು ಹಾಗೇ ಕೀಳಿಸಿಕೊಂಡಿದ್ದಳಂತೆ.

"ಈಗ ಏನಾದರೂ ಆದರೆ? ನನ್ನ ಕಣ್ಣು ಹೋದರೆ ಹೋಗ್ಲಿ ಬಿಡು," ಅಂದಳು. "ಬೆರಳು ಜೋಮು ಹಿಡಿದರೆ? ಅಕ್ಕನ ಅಂಗೈಯೇ ಮರಗಟ್ಟಿಹೋದರೆ? ಅವಳಿಗೆ ಉಳಿದಿರೋದು ಅದೊಂದೇ ಕಿಟಕಿ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಸ್ಥಿತಿ ಅವಳದು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಚುಚ್ಚಿಸಿಕೊಂಡರೆ ಭಯ, ಚುಚ್ಚಿಸಿಕೊಳ್ಳದಿದ್ದರೆ ಅಕ್ಕನಿಲ್ಲ.

ಒಂದು ದಿನ ಧೈರ್ಯ ಮಾಡಿ ಹೋದಳು. ಶಾಲೆಯ ಸಭಾಂಗಣದಲ್ಲಿ ಲಸಿಕೆ ಹಾಕುತ್ತಿದ್ದರು. ಸಾಲು ಮುಂದೆ ಸರಿಯುತ್ತ ಸರಿಯುತ್ತ, ನರ್ಸು ಸೀಸೆಯನ್ನು ತಲೆಕೆಳಗು ಹಿಡಿದು ಔಷಧಿ ಎಳೆಯುವುದು ಕಾಣಿಸುವಷ್ಟು ಹತ್ತಿರ ಬಂದಳು. ಅಲ್ಲಿಂದ ಹಿಂದೆ ತಿರುಗಿದವಳು ಡಿಪೋಗೆ ಬಂದೇ ನಿಂತಳು. ಇನ್ನೊಂದು ದಿನ ಹೋದಾಗ ಸಾಲಿಗೆ ನಿಲ್ಲದೆ, ಪಕ್ಕದ ಮೇಜಿನಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮನ ಹತ್ತಿರ ಎಲ್ಲ ಹೇಳಿಕೊಂಡಳು.

ಡಾಕ್ಟರಮ್ಮ ಗಡಿಬಿಡಿ ಮಾಡಲಿಲ್ಲ. "ಇಂಜೆಕ್ಷನ್‌ಗೆ ಮುಂಚೆ ಅವರಿಗೆ ಕತ್ತು ಬಿಗಿದಿತ್ತಾ? ಬೆಳಕು ನೋಡಿದ್ರೆ ಕಿರಿಕಿರಿ ಆಗ್ತಿತ್ತಾ?"

"ಕತ್ತು ಕಟ್ಟಿಗೆ ಹಾಗಾಗಿತ್ತು ಅಂತ ಅಮ್ಮ ಹೇಳ್ತಿದ್ರು."

"ಹಾಗಾದ್ರೆ ಅದು ಮೆದುಳಿನ ಪೊರೆಗೆ ಬರೋ ಸೋಂಕು ಇರಬೇಕು. ಕಣ್ಣು ಕಿವಿ ಕಿತ್ತುಕೊಳ್ಳೋದು ಆ ರೋಗ. ಇಂಜೆಕ್ಷನ್ ಬಹುಶಃ ಅವರ ಪ್ರಾಣ ಉಳಿಸಿರುತ್ತೆ."

"ಬಹುಶಃ ಅಂದರೆ?"

"ಅವತ್ತು ನಾನು ಅಲ್ಲಿರಲಿಲ್ಲ, ಹುಟ್ಟೇ ಇರಲಿಲ್ಲ. ಆಣೆ ಮಾಡಿ ಹೇಳೋಕಾಗಲ್ಲ. ಈ ಲಸಿಕೆಯಿಂದ ಎಲ್ಲೋ ಲಕ್ಷಕ್ಕೊಬ್ಬರಿಗೆ ತೊಂದರೆ ಆಗಿರೋದೂ ಉಂಟು. ಅದನ್ನೂ ಮುಚ್ಚಿಡಲ್ಲ. ಆದ್ರೆ ರೋಗದಿಂದ ಎಷ್ಟು ಜನ ಹೋದ್ರು ಅನ್ನೋದು ನಿಮ್ಮ ಕಣ್ಣೆದುರೇ ಇದೆ."

ಇತ್ತು. ಆ ವರ್ಷ ನಮ್ಮ ಡಿಪೋದಲ್ಲೇ ಮೂವರು ಡ್ರೈವರುಗಳು ಹೋಗಿದ್ದರು. ಆದರೂ ಸೀಟಕ್ಕನಿಗೆ ಡಾಕ್ಟರಮ್ಮನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಂಡಿತು. "ಖಂಡಿತ ಅಂದಿದ್ದರೆ ನಂಬ್ತಿರಲಿಲ್ಲ, ಖಂಡಿತ ಅನ್ನಲಿಲ್ಲ ಅಂತ ಹೆದರಿಕೆ" ಅಂತ ತನ್ನ ಮೇಲೆ ತಾನೇ ಸಿಡುಕಿಕೊಂಡಳು.

ಅದಾದ ಭಾನುವಾರ ಅವಳಿಗೆ ಡಿಪೋದಲ್ಲಿ ಸರದಿ ಇತ್ತು, ನನಗೂ. ಫೋನು ಬಂದಾಗ ಅವಳ ಎರಡೂ ಕೈಗೆ ಅಂಟು ಮೆತ್ತಿಕೊಂಡಿತ್ತು. ನಾನೇ ಫೋನನ್ನು ಸ್ಪೀಕರಿಗೆ ಹಾಕಿ ಸೀಟಿನ ಮೇಲಿಟ್ಟೆ. ಹಾಗಾಗಿ ಮುಂದಿನದು ನಾನು ಕಿವಿಯಾರೆ ಕೇಳಿದ್ದು.

"ಏ, ಇದ್ದೀಯಾ?" ಅಂದಿತು ಆ ಏರಿಳಿತವಿಲ್ಲದ ಗಟ್ಟಿ ದನಿ.

"ಇದ್ದೀನಿ ಅನ್ನು" ಅಂದಳು ಸೀಟಕ್ಕ.

"ಕೇಳಿಸ್ಕೋ. ನನಗೆ ಸೂಜಿ ಬೇಡ ಅಂದಿದ್ದೀಯಂತೆ. ನೀನ್ಯಾವಳೇ ಬೇಡ ಅನ್ನೋಕೆ? ನನಗೆ ಕಣ್ಣಿಲ್ಲ, ಕಿವಿಯಿಲ್ಲ, ಬುದ್ಧಿ ಇದೆ. ದಪ್ಪಗೈ ಗವಸು ಬಿಚ್ಚಿ, ಕೈ ತೊಳ್ಕೊಂಡು ಬಂದು, ಎಲ್ಲ ಬರೆದು ಹೇಳಿದಳು. ಅಷ್ಟು ಬರೆಯೋಕೆ ಅವಳಿಗೆ ಅರ್ಧ ದಿನ ಹಿಡೀತು, ಪಾಪ. ನಾನು ಹಾಕಿಸ್ಕೊಂಡೆ. ಹೋದ ಮಂಗಳವಾರವೇ ಹಾಕಿಸ್ಕೊಂಡೆ."

ಸೀಟಕ್ಕ ಅಂಟಿನ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡಳು.

"ನೀನು ಯಾಕೆ ಬೇಡ ಅಂದೆ ಅಂತಾನೂ ಹೇಳಿದಳು. ಆ ಹಳೇ ಸೂಜಿ ಕತೆ. ಅಯ್ಯೋ ದಡ್ಡಿ, ಆ ಡಾಕ್ಟ್ರು ಬರೋ ಹೊತ್ತಿಗೇ ನನಗೆ ದೀಪ ಕಾಣಿಸ್ತಿರಲಿಲ್ಲ. ಅಮ್ಮ ದೀಪ ಹಿಡ್ಕೊಂಡು ಬಂದಾಗ ಬಿಸಿ ತಗುಲಿತು, ಬೆಳಕು ಕಾಣಲಿಲ್ಲ. ಕಿವಿಯಲ್ಲಿ ನೊಣ ಗುಂಯ್‌ಗುಟ್ಟಿದ ಹಾಗಾಗಿ ಅದೂ ನಿಂತುಹೋಗಿತ್ತು. ಸೂಜಿ ಆಮೇಲೆ ಬಂದದ್ದು. ಯಾರು ಏನು ಚುಚ್ಚಿದರು ಅಂತ ಕಾಣದೇ ಕಿರುಚಿದೆ ಕಣೇ, ನೋವಿಗಲ್ಲ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ತಿಂದದ್ದು ಜ್ವರ. ಬಾಯಿ ಒರೆಸಿದ್ದು ಸೂಜಿಗೆ."

ಆಮೇಲೆ ಅಕ್ಕ ಕೇಳಿದಳು: "ಇಷ್ಟು ವರ್ಷ ನನ್ನ ಕೈ ಮೇಲೆ ಊರ ಸುದ್ದಿಯೆಲ್ಲ ಬರೆದೆಯಲ್ಲ, ಇದೊಂದನ್ನ ನನ್ನ ಕೇಳಬೇಕು ಅಂತ ಅನ್ನಿಸಲೇ ಇಲ್ವಾ ನಿನಗೆ?"

ದಪ್ಪಗೈಯ ದನಿ ಸಣ್ಣಗೆ ಕೇಳಿತು: "ಏನು ತಟ್ಟಲಿ?"

ಸೀಟಕ್ಕ ಅಳುತ್ತಿದ್ದಳು.

"ನನ್ನ ಅಂಗೈ ಒಣಗಿಹೋಗಿದೆ," ಅಂದಳು ಅಕ್ಕ. "ಬಂದ್ಬಿಡೇ."

ಅಷ್ಟು ಕೇಳಿದ ಮೇಲೂ ಅವಳ ಭಯ ಪೂರ್ತಿ ಹೋಗಿರಲಿಲ್ಲ ಅಂತ ನನಗೆ ಗೊತ್ತು. ಐವತ್ತು ವರ್ಷ ಎದೆಯಲ್ಲಿ ಕೂತ ಭಯ ಒಂದು ಫೋನಿಗೆ ಎದ್ದು ಹೋಗುತ್ತದೆಯೇ? ಆದರೆ ಮರುದಿನ ಬೆಳಿಗ್ಗೆ ಸ್ಟೋರಿನ ಕಿಟಕಿಗೆ ಬಂದು, "ಬರ್ತೀಯಾ ನನ್ನ ಜೊತೆ? ಒಬ್ಬಳೇ ಹೋದರೆ ಮತ್ತೆ ಓಡಿಬರ್ತೀನಿ" ಅಂದಳು. ನಾನು ಕಿಟಕಿ ಮುಚ್ಚಿ ಹೊರಟೆ.

ಸಭಾಂಗಣದ ಸಾಲಿನಲ್ಲಿ ಅವಳು ನನ್ನ ತೋಳು ಹಿಡಿದುಕೊಂಡೇ ಇದ್ದಳು. ರೆಕ್ಸಿನ್ ಎಳೆದೂ ಎಳೆದೂ ಗಟ್ಟಿಯಾದ ಹಿಡಿತ ಅದು, ನನ್ನ ತೋಳಿನ ಮೇಲೆ ಅದರ ಗುರುತು ಸಂಜೆವರೆಗೂ ಇತ್ತು. ಕುರ್ಚಿಯಲ್ಲಿ ಕೂತಾಗ ನರ್ಸು "ಯಾವ ಕೈ?" ಅಂದಳು.

"ಎಡಗೈಗೆ ಹಾಕಿ. ಬಲಗೈ ಮಾತಾಡೋಕೆ ಬೇಕು."

ನರ್ಸಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಸೀಟಕ್ಕ ಕಣ್ಣು ಬಿಗಿಯಾಗಿ ಮುಚ್ಚಿದಳು. ನರ್ಸು ಆಯ್ತು ಅಂದ ಮೇಲೂ ಬಿಡಲಿಲ್ಲ. ಆಮೇಲೆ ಒಂದು ಕಣ್ಣು ತೆರೆದಳು, ಇನ್ನೊಂದು ತೆರೆದಳು. ಗೋಡೆಯ ಮೇಲೆ ಮಕ್ಕಳು ಬರೆದು ಅಂಟಿಸಿದ್ದ ಸೂರ್ಯ, ಮನೆ, ಮರಗಳನ್ನು ಒಂದೊಂದಾಗಿ ನೋಡಿದಳು. ನನ್ನ ಕಡೆ ತಿರುಗಿ, "ಏನಾದರೂ ಮಾತಾಡು" ಅಂದಳು.

"ಏನು ಮಾತಾಡ್ಲಿ?"

"ಸಾಕು. ಕೇಳಿಸ್ತು."

ಮಾರನೇ ದಿನ ಬೆಳಿಗ್ಗೆ ಅವಳದೇ ಫೋನು. ಮೈ ಕೆಂಡವಾಗಿದೆ, ಎಡಗೈ ಒನಕೆಯಾಗಿದೆ, ಆದರೆ ಎದ್ದ ತಕ್ಷಣ ಕಿಟಕಿ ಕಂಡಿತು, ಕೆಳಮನೆ ದರ್ಜಿ ಯಾರನ್ನೋ ಬೈಯುವುದು ಕೇಳಿಸಿತು ಅಂತ ಹೇಳಿ, "ಅವನ ಬೈಗುಳ ಇಷ್ಟು ಇಂಪಾಗಿದೆ ಅಂತ ಗೊತ್ತೇ ಇರಲಿಲ್ಲ" ಅಂದಳು. ಜ್ವರ ಎರಡನೇ ದಿನಕ್ಕೆ ಇಳಿಯಿತು. ಮುಂದಿನ ಸೂಜಿಗೆ ಒಬ್ಬಳೇ ಹೋಗಿ ಬಂದಳು, ನನಗೆ ಆಮೇಲೆ ಹೇಳಿದಳು.

ಆಶ್ರಯಮನೆಗೆ ಹೋದದ್ದು ಒಂದು ಬುಧವಾರ. ಹೊರಡುವ ಮುಂಚೆ ಡಿಪೋದ ನಲ್ಲಿಯಲ್ಲಿ ಕೈ ತೊಳೆದಳು. ಬೆರಳ ತುದಿಯ ಒರಟನ್ನು ಮರಳುಕಾಗದದಿಂದ ಉಜ್ಜಿದಳು, ಅಕ್ಕನಿಗೆ ಚುಚ್ಚಬಾರದು ಅಂತ. ಹೊಸ ಹುಡುಗಿ ಮೊದಲ ದಿನ ಕೆಲಸಕ್ಕೆ ಹೊರಟ ಹಾಗೆ ಮುಖದ ತುಂಬ ಕಳವಳ. ಅಲ್ಲಿ ನಡೆದದ್ದನ್ನು ಮರುದಿನ ಊಟದ ಹೊತ್ತಿನಲ್ಲಿ ಹೇಳಿದಳು, ಊಟ ಮಾಡದೆ.

ಬಾಗಿಲಲ್ಲಿ ಕೈಗೆ ಔಷಧಿ ನೀರು ಸುರಿದರು. ಅದು ಆರುವ ತನಕ ಕೈ ಗಾಳಿಯಲ್ಲಿ ಹಿಡಿದುಕೊಂಡೇ ನಡೆದಳು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ ಕುರ್ಚಿಯೇ ದೊಡ್ಡದಾಗಿ ಕಂಡಿತು. ಕೂದಲು ಕತ್ತರಿಸಿದ್ದರು. ಎಡಗೈ ಆಗಲೇ ತೊಡೆಯ ಮೇಲೆ ಬಿಚ್ಚಿಕೊಂಡು ಕಾಯುತ್ತಿತ್ತು.

ಸೀಟಕ್ಕ ಮಂಡಿಯೂರಿ ಕೂತು ಆ ಅಂಗೈ ಮೇಲೆ ಬೆರಳಿಟ್ಟಳು. ಅಕ್ಕ ಆ ಬೆರಳನ್ನು ಗಪ್ಪನೆ ಮುಷ್ಟಿಯಲ್ಲಿ ಹಿಡಿದಳು. ಇನ್ನೊಂದು ಕೈ ಇವಳ ಮಣಿಕಟ್ಟು, ಮೊಣಕೈ, ಭುಜ, ಕತ್ತು ಅಂತ ಹತ್ತಿಕೊಂಡು ಮುಖಕ್ಕೆ ಬಂತು. "ಬಾಯಿಗೆ ಬಟ್ಟೆ," ಅಂದಳು. "ಕಳ್ಳಿ." ಕಣ್ಣ ಕೆಳಗೆ ಒದ್ದೆ ಸಿಕ್ಕಿತು. ಅದನ್ನು ಒರೆಸಿ, "ಅಳೋದು ಆಮೇಲೆ. ಅರ್ಧ ಗಂಟೆ ಮಾತ್ರ ಅಂತೆ. ಬರಿ" ಅಂದಳು.

ಬರೆಯಬೇಕೆಂದರೆ ಅಕ್ಷರವೇ ಬರಲಿಲ್ಲವಂತೆ. ಬಸ್ಸಿನಲ್ಲಿ ತನ್ನ ಕೈ ಮೇಲೆ ತಾನು ಬರೆದುಕೊಂಡದ್ದೆಲ್ಲ ಎಲ್ಲಿ ಹೋಯಿತೋ. ಅಕ್ಕ ಅವಸರ ಮಾಡಿದಳು, ಕೈ ಅಲುಗಿಸಿದಳು. ಕೊನೆಗೆ ಸೀಟಕ್ಕ ಬರೆದದ್ದು ಒಂದೇ ಪ್ರಶ್ನೆ. ಸೂಜಿಯ ವಿಷಯ ಯಾಕೆ ಯಾವತ್ತೂ ಹೇಳಲಿಲ್ಲ?

ಅಕ್ಕ, ತನ್ನ ಮಟ್ಟಿಗೆ ಮೆಲ್ಲಗೆ, ಅಂದರೆ ಆ ಕೋಣೆಯವರಿಗೆ ಮಾತ್ರ ಕೇಳುವಷ್ಟು, ಹೇಳಿದಳು.

"ಅಪ್ಪ ಊರಲ್ಲಿರಲಿಲ್ಲ. ಜ್ವರ ತಾನಾಗೇ ಇಳಿಯುತ್ತೆ ಅಂತ ಅಮ್ಮ ಡಾಕ್ಟ್ರನ್ನ ಕರೆಯೋದು ತಡ ಮಾಡಿದಳು. ಅದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ, ನೀನು ಮಲಗಿದ ಮೇಲೆ ಬಂದು, ನನ್ನ ಕೈ ಮೇಲೆ 'ತಪ್ಪಾಯ್ತು' ಅಂತ ಬರೀತಿದ್ದಳು. ನಾನು ಹೋಗಲಿ ಬಿಡಮ್ಮ ಅಂತಿದ್ದೆ. ಹಗಲು ಹೊತ್ತು ಜನರ ಮುಂದೆ ಅವಳಿಗೆ ಆ ಸೂಜಿ ಬೇಕಾಗಿತ್ತು ಕಣೇ. ಅದೊಂದನ್ನ ಹಿಡ್ಕೊಂಡು ಬದುಕಿದಳು. ನಾನು ಹೇಗೆ ಕಿತ್ತುಕೊಳ್ಳಲಿ? ಅವಳು ಹೋದ ಮೇಲೆ ಹೇಳೋಕೆ ಏನಿತ್ತು? ನೀನೂ ಕೇಳಲಿಲ್ಲ."

ಆಮೇಲೆ ಅಕ್ಕ ಒಂದು ಮಾತು ಸೇರಿಸಿದಳು: "ಅಮ್ಮನ ಅಕ್ಷರ ದುಂಡಗಿರುತ್ತಿತ್ತು. ಅದು ಈಗಲೂ ಬೇಕು ಅನ್ನಿಸುತ್ತೆ."

ಉಳಿದ ಹೊತ್ತೆಲ್ಲ ಅವರು ಹೆಚ್ಚು ಮಾತಾಡಲಿಲ್ಲ. ಸೀಟಕ್ಕ ಅಕ್ಕನ ಅಂಗೈಗೆ ಎಣ್ಣೆ ಹಚ್ಚಿ ತೀಡಿದಳು. ತಣ್ಣಗೈ ಬಂದು ಹೊತ್ತಾಯಿತು ಅಂದಾಗ ಅಕ್ಕನೇ ಮೊದಲು ಕೈ ಬಿಟ್ಟಳು.

ಆಮೇಲೆ ರೋಗ ಇನ್ನೊಂದು ಸಲ ಏರಿತು, ಗೇಟು ಮುಚ್ಚಿತು, ತೆರೆಯಿತು. ಅಕ್ಕನಿಗೂ ಒಮ್ಮೆ ಅಂಟಿತು. ಕೆಮ್ಮಿ, ಮಲಗಿ, ಎಲ್ಲರನ್ನೂ ಬೈದು, ಎದ್ದು ಕೂತಳು. ಕಾಲ ಕಳೆದು ಭಾನುವಾರಗಳು ಮತ್ತೆ ಭಾನುವಾರಗಳಾದವು, ಬೆಳಗಿನಿಂದ ಸಂಜೆಯವರೆಗೆ.

ಸೀಟಕ್ಕ ಹೋದ ವರ್ಷ ನಿವೃತ್ತಳಾದಳು. ಮೂರನೇ ಮಹಡಿ ಬಿಟ್ಟು, ಮೆಟ್ಟಿಲೇ ಇಲ್ಲದ ನೆಲಮಟ್ಟದ ಮನೆ ಹಿಡಿದಳು. ಒಳಗಿನ ಕೋಣೆಯಲ್ಲಿ ಅಕ್ಕನಿಗೆ ಮಂಚ ಹಾಕಿದಳು, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಪಟ್ಟಿ ಹೊಡೆಸಿದಳು, ಕೂರಲು ಒಂದು ಕುರ್ಚಿಗೆ ತಾನೇ ಸ್ಪಂಜು ತುಂಬಿ ಹೊಲಿದಳು. ಎಲ್ಲ ಸಿದ್ಧವಾದ ಮೇಲೆ ಹೋಗಿ ಅಕ್ಕನ ಅಂಗೈ ಮೇಲೆ ಬರೆದಳು, ಮನೆಗೆ ಬಾ.

ಅಕ್ಕ ಬರಲಿಲ್ಲ. ಆ ಮುಚ್ಚಿದ ಕಾಲದಲ್ಲಿ, ತಂಗಿಯ ಬೆರಳಿಲ್ಲದೆ ಬದುಕುವುದು ಹೇಗೆ ಅಂತ ತಿಳಿಯದೆ, ಅವಳು ದಪ್ಪಗೈಯನ್ನು ಬಿಡದೆ ತಿದ್ದಿ ತಿದ್ದಿ ಪಳಗಿಸಿದ್ದಳು; ಆಮೇಲೆ ಇನ್ನಿಬ್ಬರು ಆಯಾಗಳನ್ನು; ಆಮೇಲೆ ಪಕ್ಕದ ಕೋಣೆಯ, ಕಿವಿ ಮಂದವಾದ ಒಬ್ಬ ನಿವೃತ್ತ ಮೇಷ್ಟರನ್ನು. ಈಗ ಅವಳ ಅಂಗೈಗೆ ದಿನವೂ ಯಾರಾದರೂ ಬರುತ್ತಾರೆ. "ನನಗೂ ಇಲ್ಲಿ ನಾಲ್ಕು ಜನ ಇದ್ದಾರೆ ಕಣೇ," ಅಂದಳಂತೆ. "ನಿನ್ನನ್ನೊಬ್ಬಳನ್ನೇ ನೆಚ್ಚಿಕೊಂಡು ಒಂದು ಸಲ ಸತ್ತು ಬದುಕಿದ್ದೇನೆ. ಇನ್ನೊಂದು ಸಲ ಬೇಡ. ನೀನು ಭಾನುವಾರ ಬಾ."

ಮೊನ್ನೆ ನಾನು ಆ ಮನೆಗೆ ಹೋಗಿದ್ದೆ. ಚಹಾ ಕೊಟ್ಟಳು. ಅಕ್ಕ ಹೇಳಿದ್ದು ಸರಿ, ಅವಳಿಗೂ ಅವಳದೊಂದು ಬದುಕು ಬೇಡವೇ ಅಂತ ತಾನೇ ಅಂದಳು, ನಾನು ಕೇಳದೆಯೇ. ಮಾತಾಡುತ್ತಾ ಎದ್ದು ಒಳಗಿನ ಕೋಣೆಗೆ ಹೋಗಿ, ಯಾರೂ ಮಲಗದ ಮಂಚದ ಮೇಲಿನ ಹಾಸಿಗೆಯ ಹೊದಿಕೆಯನ್ನು ಕೊಡವಿ, ಮತ್ತೆ ಹಾಸಿ, ಮೂಲೆಗಳನ್ನು ಬಿಗಿಯಾಗಿ ಸಿಕ್ಕಿಸಿದಳು.

"ವಾರಕ್ಕೊಮ್ಮೆ ಬದಲಾಯಿಸ್ತೀನಿ," ಅಂದಳು. "ಅವಳ ಮನಸ್ಸನ್ನ ಹೇಳೋಕಾಗಲ್ಲ. ಇದ್ದಕ್ಕಿದ್ದ ಹಾಗೆ ಬರ್ತೀನಿ ಅಂದರೆ?"